ಕೆಂಚನಿಗೊಂದು ಕಂಬ

ಮುಂಬೈ ಮಾಟುಂಗದ ನಮ್ಮ ಮನೆ ಚಿಕ್ಕದು. ಅಮ್ಮನ ಹಳೇ ಇಳಕಲ್ ಸೀರೆ ಸೋಫಾಕ್ಕೆ ಹೊದಿಕೆ, ಕಪಾಟಿನಲ್ಲಿ ಚನ್ನಪಟ್ಟಣದ ಬೊಂಬೆಗಳು, ಮೂಲೆಯಲ್ಲಿ ಊರಿಂದ ಹೊತ್ತು ತಂದ ಪುಟ್ಟ ಒರಳು. ಹೋದ ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ನೀರಲ್ಲಿ ನಡುಗುತ್ತಿದ್ದ ಬೆಕ್ಕಿನ ಮರಿಯೊಂದನ್ನು ಎತ್ತಿಕೊಂಡು ಬಂದೆ. ಕೇಸರಿ ಬಣ್ಣ, ಅದಕ್ಕೇ ಕೆಂಚ.

ಮೂರೇ ತಿಂಗಳಲ್ಲಿ ಸೋಫಾದ ಕೈ ಚಿಂದಿಯಾಯಿತು. ಸೀರೆಯ ಸೆರಗೂ ಹೋಯಿತು. ಗದರಿದೆ, ನಿಂಬೆ ಸಿಪ್ಪೆ ಇಟ್ಟೆ, ನೀರು ಚಿಮುಕಿಸಿದೆ. ನನ್ನನ್ನು ಕಂಡರೆ ಓಡತೊಡಗಿತು ಅಷ್ಟೇ, ಪರಚುವುದು ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು, ಇದು ತುಂಟತನವಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಮೈ ನೀಳವಾಗಿ ಚಾಚಬೇಕು, ಪಂಜದ ಗ್ರಂಥಿಗಳಿಂದ ತನ್ನ ವಾಸನೆಯನ್ನೂ ಬಿಡಬೇಕು. ಅವನು ಪರಚಲೆಂದು ಅಂಗಡಿಯಿಂದ ತಂದ ಕಂಬ ಒಂದೂವರೆ ಅಡಿ, ಮುಟ್ಟಿದರೆ ಅಲ್ಲಾಡುತ್ತಿತ್ತು. ಕೆಂಚ ಮೂಸಿ ನೋಡಿ ಹೊರಟುಹೋದ. ತಪ್ಪು ಅವನದಲ್ಲ ಅಲ್ವಾ?

ಕೊನೆಗೆ ಮೂರಡಿ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನು ಸಂದಿಲ್ಲದಂತೆ ಬಿಗಿಯಾಗಿ ಸುತ್ತಿದೆ. ಬುಡವನ್ನು ಒರಳಿನ ಗುಳಿಯಲ್ಲಿ ಇಳಿಸಿ, ಸುತ್ತ ಮರದ ಚಕ್ಕೆ ಬಡಿದು ಗಟ್ಟಿ ಮಾಡಿದೆ. ಎಷ್ಟು ತಳ್ಳಿದರೂ ಜಗ್ಗದು. ಅಂದ ಕೆಡದಿರಲಿ ಅಂತ ಮೊದಲು ಬಾಲ್ಕನಿಯಲ್ಲಿಟ್ಟೆ, ಅವನು ಅತ್ತ ತಿರುಗಲಿಲ್ಲ. ಹರಿದ ಸೋಫಾದ ಪಕ್ಕಕ್ಕೇ ತಂದಿಟ್ಟು, ಸೋಫಾದ ಕೈಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದೆ. ನಿದ್ದೆಯಿಂದೆದ್ದಾಗಲೇ ಪರಚುವುದು ಜಾಸ್ತಿ. ಆಗ ಕಂಬ ಮುಟ್ಟಿದರೆ ಒಂದು ಚೂರು ಮೀನು.

ಹತ್ತು ದಿನದಲ್ಲಿ ಒಗ್ಗಿತು. ಮನಿ ಪ್ಲಾಂಟ್ ಎಲೆ ಕಚ್ಚಿದರೆ ಬೆಕ್ಕಿನ ಬಾಯಿ ಉರಿಯುತ್ತದೆ, ಹಾಗಾಗಿ ಅದನ್ನು ಪಕ್ಕದ ಮನೆಯ ಮಾಮಿಗೆ ಕೊಟ್ಟೆ. ಸೀರೆ ಈಗ ಪೆಟ್ಟಿಗೆಯಲ್ಲಿದೆ. ಒರಳು ನೋಡಿ ಅಮ್ಮ ಏನನ್ನುತ್ತಾಳೋ, ದೀಪಾವಳಿಗೆ ಬರುತ್ತಾಳೆ.