ಕಬಡ್ಡಿ ಬ್ಯಾನರ್‌ಗೆ ದಪ್ಪ ಓರೆ ಅಕ್ಷರ: ನಾನು ಮಾಡುವ ರೀತಿ

ಮಂಡ್ಯದ ಸುತ್ತಮುತ್ತ ನಡೆಯುವ ಕಬಡ್ಡಿ ಪಂದ್ಯಾವಳಿಗಳಿಗೆ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಬರುವ ಹುಡುಗರೆಲ್ಲ ಕೇಳುವುದು ಒಂದೇ: "ಅಣ್ಣಾ, ಅಕ್ಷರ ಓಡ್ತಾ ಇರೋ ಥರ ಇರ್ಬೇಕು." ಅವರ ಮನಸ್ಸಿನಲ್ಲಿರುವುದು ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್. ಗೆರೆಯ ತುದಿಯಲ್ಲಿ ಕೊಕ್ಕೆ ಇಲ್ಲದ, ದಪ್ಪನೆಯ, ಬಲಕ್ಕೆ ವಾಲಿದ ಅಕ್ಷರ. ಎದುರಾಳಿ ಅಂಕಣಕ್ಕೆ ನುಗ್ಗುವ ರೈಡರ್ ಮೈಯನ್ನು ಮುಂದಕ್ಕೆ ಬಾಗಿಸುತ್ತಾನಲ್ಲ, ಹಾಗೇ ಇದು. ದಪ್ಪದಿಂದ ಬಲ ಕಾಣುತ್ತದೆ, ಓರೆಯಿಂದ ವೇಗ.

ಇಂಗ್ಲಿಷಿಗೆ ಇದು ಸಲೀಸು. ಇಟಾಲಿಕ್ ಹುಟ್ಟಿದ್ದೇ 1500ರ ಆಸುಪಾಸಿನಲ್ಲಿ, ವೆನಿಸ್‌ನ ಆಲ್ಡಸ್ ಮನುಷಿಯಸ್ ಮುದ್ರಣಾಲಯದಲ್ಲಿ, ಕೈಬರಹದ ಓಟ ನೋಡಿಕೊಂಡು. ಹೆಲ್ವೆಟಿಕಾ ಎಂಬ ಇಂಗ್ಲಿಷ್ ಫಾಂಟಿನಲ್ಲಿ ನೆಟ್ಟಗಿನ ಅಕ್ಷರವನ್ನೇ ಸುಮಾರು 12 ಡಿಗ್ರಿ ಓರೆ ಮಾಡಿದ್ದಾರೆ. ಗಿಲ್ ಸ್ಯಾನ್ಸ್ ಎಂಬ ಇನ್ನೊಂದು ಫಾಂಟಿನ ಇಟಾಲಿಕ್‌ನಲ್ಲಿ ಸಣ್ಣ 'ಎ' ಆಕಾರವೇ ಬೇರೆ.

ಕನ್ನಡಕ್ಕೆ ಆ ಪರಂಪರೆ ಇಲ್ಲ. ನಾನು ಜಾಸ್ತಿ ಬಳಸುವುದು ಫಾಂಟ್ ಮಾಡುವ ಸಂಸ್ಥೆ ಏಕ್ ಟೈಪ್‌ನವರ ಅನೇಕ್ ಕನ್ನಡ ಫಾಂಟ್. ಅದರಲ್ಲಿ ತೆಳುವಿನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಎಲ್ಲ ಇದೆ, ಅಗಲವನ್ನೂ ಬದಲಿಸಬಹುದು, ಇಟಾಲಿಕ್ ಮಾತ್ರ ಇಲ್ಲ. ಬಟನ್ ಒತ್ತಿದರೆ ಸಾಫ್ಟ್‌ವೇರ್ ಸುಮ್ನೆ ಅಕ್ಷರವನ್ನು ಓರೆಗೆ ತಳ್ಳುತ್ತದೆ, ಅಷ್ಟೆ. 'ಕಬಡ್ಡಿ' ಪದವನ್ನೇ ನೋಡಿ. ಅಡಿಗೆರೆಗಿಂತ, ಅಂದರೆ ಅಕ್ಷರಗಳು ಕೂರುವ ಗೆರೆಗಿಂತ, ಮೇಲಿರುವುದು ಬಲಕ್ಕೆ ಹೋಗುತ್ತದೆ, ಕೆಳಗಿರುವುದು ಎಡಕ್ಕೆ. ಹಾಗಾಗಿ 'ಡ್ಡಿ'ಯ ಗುಡಿಸು ಒಂದು ಕಡೆ, ಒತ್ತು ಇನ್ನೊಂದು ಕಡೆ! 12 ಡಿಗ್ರಿ ಓರೆಯಲ್ಲಿ, ಅಡಿಗೆರೆಯಿಂದ 5 ಇಂಚು ಕೆಳಗಿರುವ ಒತ್ತು ಎಡಕ್ಕೆ 1 ಇಂಚಿನಷ್ಟು ಜರುಗುತ್ತದೆ. ಜೊತೆಗೆ 'ಬ', 'ಡ' ದುಂಡಗಿನ ಅಕ್ಷರಗಳಲ್ವಾ, ಅವುಗಳ ಮೇಲ್ಬಲ ಮತ್ತು ಕೆಳ ಎಡ ಮೂಲೆ ಊದಿಕೊಳ್ಳುತ್ತವೆ, ಉಳಿದೆರಡು ಮೂಲೆ ಸೊರಗುತ್ತವೆ. ಗೆರೆ ದಪ್ಪ ಇದ್ದಷ್ಟೂ ಇದು ಎದ್ದು ಕಾಣುತ್ತದೆ.

ಅದಕ್ಕೇ ನಾನು 8 ಡಿಗ್ರಿಗೇ ನಿಲ್ಲಿಸುತ್ತೇನೆ. ಕೋರೆಲ್ ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಪದವನ್ನು ಕರ್ವ್ ಮಾಡಿ (ಅಂದರೆ ಅಕ್ಷರವನ್ನು ತಿದ್ದಬಹುದಾದ ಗೆರೆಗಳನ್ನಾಗಿ ಮಾಡಿ), ಓರೆ ಮಾಡಿ, ಒತ್ತನ್ನು ಬಿಡಿಸಿಕೊಂಡು ಅದರ ತಾಯಿ ಅಕ್ಷರದ ಕೆಳಕ್ಕೆ ವಾಪಸ್ ತರುತ್ತೇನೆ, ಗುಡಿಸನ್ನು ಸ್ವಲ್ಪ ಎಡಕ್ಕೆ ಎಳೆಯುತ್ತೇನೆ, ಆಮೇಲೆ ಗೆರೆಯ ಮೇಲಿನ ನೋಡ್ (ಎಳೆದು ತಿದ್ದುವ ಬಿಂದು) ಹಿಡಿದು ದುಂಡುಗಳ ದಪ್ಪ ಸಮ ಮಾಡುತ್ತೇನೆ. ಈ ಕೊನೆಯದೇ ನಿಜವಾದ ಕೆಲಸ. ಕಣ್ಣಳತೆಯಲ್ಲೇ ಆಗಬೇಕು, ಬೇಗ ಮುಗಿಯುವುದಿಲ್ಲ, ಆದರೆ ಅದನ್ನು ಬಿಟ್ಟರೆ ಅಕ್ಷರ ಓಡುವುದಿಲ್ಲ, ಬೀಳುವ ಹಾಗೆ ಕಾಣುತ್ತದೆ. 'ಪ್ರಥಮ' ಎಂದು ಬರೆಯುವಾಗ 'ಥ' ಒಳಗಿನ ಚುಕ್ಕಿಯ ಸುತ್ತ ಜಾಗ ಬಿಡಿಸುತ್ತೇನೆ, ಇಲ್ಲದಿದ್ದರೆ ರಸ್ತೆ ಆಚೆಯಿಂದ ನೋಡಿದವರಿಗೆ ಅಕ್ಷರದ ಹೊಟ್ಟೆ ಮುಚ್ಚಿಕೊಂಡ ಹಾಗೆ ಕಾಣುತ್ತದೆ.

ಈ ಶೈಲಿ ಒಂದೆರಡು ಪದಕ್ಕೆ ಮಾತ್ರ. 'ಕಬಡ್ಡಿ', ತಂಡದ ಹೆಸರು, ಜಿಮ್ ಬೋರ್ಡು, ಲಾರಿಯ ಮುಂದಿನ ಗಾಜು, ಇಲ್ಲೆಲ್ಲ ಸೊಗಸು. ಬ್ಯಾನರ್‌ನ ದಿನಾಂಕ, ಸ್ಥಳ, ಬಹುಮಾನದ ಮೊತ್ತ ಎಲ್ಲ ನೆಟ್ಟಗಿನ ಸಾದಾ ಅಕ್ಷರದಲ್ಲಿ. ದೇವಸ್ಥಾನದ ಜಾತ್ರೆಯ ಫ್ಲೆಕ್ಸ್‌ಗೆ ಕೇಳಿದರೂ ಹಾಕುವುದಿಲ್ಲ, ಅಲ್ಲಿ ಅವಸರ ಕಾಣಬಾರದು. ಕಬಡ್ಡಿ ಬ್ಯಾನರ್‌ನಲ್ಲಿ ಇಂಗ್ಲಿಷೂ ಬೇಕು ಎಂದರೆ ಅದನ್ನು ಕೆಳಗೆ ಸಣ್ಣದಾಗಿ, ನೆಟ್ಟಗೆ ಇಡುತ್ತೇನೆ. ಎರಡು ಲಿಪಿ ಬೇರೆ ಬೇರೆ ಓರೆಯಲ್ಲಿ ವಾಲಿದರೆ ಎರಡೂ ಕೆಡುತ್ತವೆ.