ಕಾಲರ್ ಒಳಗಿನ ಇಂಗ್ಲಿಷ್

ಆರು ವರ್ಷದ ಹಿಂದೆ ನಾನು 1,800 ರೂಪಾಯಿ ಕೊಟ್ಟು ಕೊಂಡ ಜರ್ಕಿನ್ ಮಡಿಕೇರಿ ಮಳೆಯಲ್ಲಿ ಬರೀ 15 ನಿಮಿಷ ತಡೆಯಿತು. ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ತೆಗೆದುಕೊಂಡದ್ದು. ಮಾರುವ ಹುಡುಗ "ಫುಲ್ ವಾಟರ್‌ಪ್ರೂಫ್ ಮೇಡಂ" ಅಂದ, ನಾನು ನಂಬಿದೆ. ಜೂನ್ ತಿಂಗಳು. ಬಸ್ ಇಳಿದು ನಾನು ಕೆಲಸ ಮಾಡುವ ಹೋಂಸ್ಟೇ ತನಕ ಏರು ಹತ್ತುವಷ್ಟರಲ್ಲಿ ನೀರು ಮೊದಲು ಭುಜದ ಹೊಲಿಗೆಯಿಂದ ಇಳಿಯಿತು, ಆಮೇಲೆ ಬೆನ್ನಿಗೆ ಬಂತು, ಗೇಟ್ ಹತ್ತಿರ ಬರುವಾಗ ಒಳಗಿನ ಚೂಡಿದಾರ್ ಹಿಂಡಿದರೆ ಬಕೆಟ್ ತುಂಬುವ ಹಾಗಿತ್ತು.

ಜಗಲಿಯಲ್ಲಿ ಇಂಗ್ಲೆಂಡ್‌ನಿಂದ ಬಂದಿದ್ದ ವಯಸ್ಸಾದ ಗೆಸ್ಟ್ ಒಬ್ಬರು ಕಾಫಿ ಕುಡಿಯುತ್ತಾ ಕೂತಿದ್ದರು. ನಾನು "ವಾಟರ್‌ಪ್ರೂಫ್ ಮೇಡಂ, ಚೀಟಿಂಗ್" ಅಂತ ಗೊಣಗಿದೆ. ಅವರು ಜರ್ಕಿನ್ ಇಸಿದುಕೊಂಡು ಕಾಲರ್ ತಿರುಗಿಸಿ ಒಳಗಿನ ಬಿಳಿ ಪಟ್ಟಿ ತೋರಿಸಿದರು. "ವಾಟರ್ ರೆಸಿಸ್ಟೆಂಟ್" ಅಂತ ಬರೆದಿತ್ತು. ನನಗೆ ಎರಡೂ ಒಂದೇ ಅನ್ನಿಸಿತ್ತು. ಅವರು ಪಕ್ಕದ ನಲ್ಲಿ ಬಿಟ್ಟು ತೋಳನ್ನು ಕೆಳಗೆ ಹಿಡಿದರು. ಮೊದಲು ನೀರು ಮುತ್ತಿನ ಹಾಗೆ ಉರುಳಿ ಹೋಯಿತು. ಸ್ವಲ್ಪ ಹೊತ್ತಿಗೆ ಬಟ್ಟೆ ಕಪ್ಪಗಾಯಿತು, ಒಳಗಡೆ ಮುಟ್ಟಿದರೆ ಒದ್ದೆ. "ರೆಸಿಸ್ಟ್" ಅಂದರೆ ಸ್ವಲ್ಪ ಹೊತ್ತು ತಡೆಯುವುದು. "ಪ್ರೂಫ್" ಅಂದರೆ ಒಳಗೆ ಬಿಡದೇ ಇರುವುದು. ಅಂಗಡಿಯವನು ಹೇಳಿದ್ದು ಸುಳ್ಳು, ಪಟ್ಟಿ ಹೇಳಿದ್ದು ನಿಜ. ಓದದೇ ಇದ್ದದ್ದು ನಾನು.

ನನ್ನ ಇಂಗ್ಲಿಷ್ ಆಗ ಹೇಗಿತ್ತು ಅಂದರೆ "ಹಾಟ್ ವಾಟರ್ ಕಮಿಂಗ್ ಸರ್" ತನಕ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ ಮೀಡಿಯಂ. ಸ್ಪೋಕನ್ ಇಂಗ್ಲಿಷ್ ಪುಸ್ತಕ ಎರಡು ಸಲ ತಂದು ಎರಡು ಸಲವೂ ಹತ್ತನೇ ಪುಟಕ್ಕೆ ನಿಲ್ಲಿಸಿದ್ದೆ. ಜರ್ಕಿನ್ ಹಾಳಾದ ದಿನ ರಾತ್ರಿ ಸುಮ್ನೆ ಬೀರು ತೆಗೆದು ನನ್ನ, ಗಂಡನ, ಮಗನ ಬಟ್ಟೆಯ ಕಾಲರ್ ಎಲ್ಲಾ ತಿರುಗಿಸಿ ನೋಡಿದೆ. ಒಂದೊಂದರಲ್ಲೂ ಇಂಗ್ಲಿಷ್! ದುಡ್ಡು ಕೊಟ್ಟು ಮನೆಗೆ ತಂದ ಇಂಗ್ಲಿಷ್, ಒಂದು ದಿನವೂ ಓದಿರಲಿಲ್ಲ.

ಮಗನ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯಲು ಶುರು ಮಾಡಿದೆ. ದಿನಕ್ಕೆ ಒಂದು ಬಟ್ಟೆ. ಪಟ್ಟಿಯಲ್ಲಿ ಇದ್ದದ್ದನ್ನು ಹಾಗೇ ಬರೆಯುವುದು, ಅರ್ಥ ಹುಡುಕುವುದು, ಜೋರಾಗಿ ಓದುವುದು. ಮೊಬೈಲಿನಲ್ಲಿ ಅರ್ಥ ನೋಡಿದರೆ ಕೆಲವು ಸಲ ನಗು ಬರುತ್ತಿತ್ತು. "ಫಾಸ್ಟ್ ಕಲರ್" ಅಂದರೆ "ವೇಗದ ಬಣ್ಣ" ಅಂತ ಕೊಟ್ಟಿತು. ಇಲ್ಲಿ ಫಾಸ್ಟ್ ಅಂದರೆ ಗಟ್ಟಿ ಹಿಡಿದುಕೊಂಡಿರುವುದು, ಬಿಡದ ಬಣ್ಣ. ಬಣ್ಣ ಬಿಡುವುದಕ್ಕೆ "ಬ್ಲೀಡ್" ಅನ್ನುತ್ತಾರೆ, ರಕ್ತ ಸೋರುವುದಕ್ಕೆ ಹೇಳುವ ಅದೇ ಪದ. ಸಂತೆಯಲ್ಲಿ ಕೊಂಡ ಕೆಂಪು ದುಪಟ್ಟಾವನ್ನು ಬಿಳಿ ಶರ್ಟ್ ಜೊತೆ ನೆನೆಹಾಕಿದವರಿಗೆ ಈ ಪದ ಯಾಕೆ ಅಂತ ವಿವರಿಸಬೇಕಾಗಿಲ್ಲ.

ಪಟ್ಟಿಯ ವಾಕ್ಯಗಳು ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿವೆ. "ವಾಶ್ ಡಾರ್ಕ್ ಕಲರ್ಸ್ ಸೆಪರೇಟ್ಲಿ." "ಡು ನಾಟ್ ರಿಂಗ್", ಅಂದರೆ ಹಿಂಡಬೇಡಿ. "ಡ್ರೈ ಇನ್ ಶೇಡ್." "ಐರನ್ ಆನ್ ರಿವರ್ಸ್." ಮೂರ್ನಾಲ್ಕು ಪದ, ಅಷ್ಟೇ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ನೆರಳಿನಲ್ಲಿ ಒಣಗಿಸಿ" ಅನ್ನುತ್ತೇವೆ. ಅಲ್ಲಿ ಒಣಗಿಸುವುದೇ ಮೊದಲು, ನೆರಳು ಆಮೇಲೆ. ಇಪ್ಪತ್ತು ಪಟ್ಟಿ ಓದಿದ ಮೇಲೆ ಈ ತಿರುವು ನಾಲಿಗೆಗೆ ತಾನಾಗಿ ಬಂತು. ಅದೇ ಧೈರ್ಯದಲ್ಲಿ ಗೆಸ್ಟ್‌ಗಳಿಗೂ "ಕ್ಲೋಸ್ ದ ಗೇಟ್", "ಡು ನಾಟ್ ಫೀಡ್ ದ ಡಾಗ್" ಅಂತ ಹೇಳುತ್ತಾ ಓಡಾಡಿದೆ, ಕೊನೆಗೆ ಹೋಂಸ್ಟೇ ಅಕ್ಕನೇ ಕರೆದು "ಮುಂದೆ ಒಂದು ಪ್ಲೀಸ್ ಸೇರಿಸು ಮಾರಾಯ್ತಿ, ಪೊಲೀಸ್ ಹಾಗೆ ಮಾತಾಡಬೇಡ" ಅಂದರು.

ಚಿತ್ರಗಳೂ ಇರುತ್ತವೆ. ನೀರಿನ ತೊಟ್ಟಿ ಅಂದರೆ ಒಗೆಯುವುದು, ಅದರಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ತ್ರಿಕೋನ ಬ್ಲೀಚಿಗೆ. ಚೌಕದೊಳಗೆ ವೃತ್ತ ಇದ್ದರೆ ಡ್ರೈಯರ್ ಯಂತ್ರಕ್ಕೆ. ಇಸ್ತ್ರಿಪೆಟ್ಟಿಗೆಯೊಳಗೆ ಒಂದು ಚುಕ್ಕಿ ಇದ್ದರೆ ಕಡಿಮೆ ಬಿಸಿ, ಮೂರಿದ್ದರೆ ಜಾಸ್ತಿ. ಮೇಲೆ ಕತ್ತರಿ ಗುರುತು ಎಳೆದಿದ್ದರೆ ಬೇಡ ಅಂತ.

ಬಟ್ಟೆ ಆರಿಸುವ ಬುದ್ಧಿ ಬಂದದ್ದು ಮಾತ್ರ ಪಟ್ಟಿಯ ಇನ್ನೊಂದು ಸಾಲಿನಿಂದ, ಯಾವ ನೂಲು ಎಷ್ಟು ಪರ್ಸೆಂಟ್ ಅನ್ನುವ ಸಾಲು. ಅಂಗಡಿಯವರು ಹೊಗಳುವ ಇಂಗ್ಲಿಷ್ ಬೇರೆ, ಪಟ್ಟಿಯ ಇಂಗ್ಲಿಷ್ ಬೇರೆ. "ಸಿಲ್ಕಿ" ಅಂದರೆ ರೇಷ್ಮೆ ಅಲ್ಲ, ರೇಷ್ಮೆ ಥರ ನುಣುಪು. "ಕಾಟನ್ ಫೀಲ್" ಅಂದರೆ ಮುಟ್ಟಿದರೆ ಹತ್ತಿ ಅನ್ನಿಸುತ್ತೆ, ಅಷ್ಟೇ. "ಕಾಟನ್ ರಿಚ್" ಅಂದರೆ ಹತ್ತಿ ಜಾಸ್ತಿ ಇದೆ, ಜೊತೆಗೆ ಬೇರೆಯೂ ಇದೆ. ನಾನು ಬಿದ್ದ ದೊಡ್ಡ ಹಳ್ಳ "ಆರ್ಟ್ ಸಿಲ್ಕ್". ಕಲಾತ್ಮಕ ರೇಷ್ಮೆ ಇರಬೇಕು, ಅದಕ್ಕೇ ಇಷ್ಟು ಚಿತ್ತಾರ ಅಂದುಕೊಂಡು ನಾದಿನಿಯ ಮದುವೆಗೆ ಎರಡು ಸೀರೆ ತೆಗೆದಿದ್ದೆ. ಅದು ಆರ್ಟಿಫಿಶಿಯಲ್ ಪದದ ತುಂಡು ಅಂತ ಆಮೇಲೆ ಗೊತ್ತಾಯಿತು. ಈಗ ರೇಷ್ಮೆ ಅಂತ ದುಡ್ಡು ಕೊಡುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಕೇಳುತ್ತೇನೆ, ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ಶುರು ಮಾಡಿದ ಗುರುತು ಅದು. ಅನುಮಾನ ಇದ್ದರೆ ಸೆರಗಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಬಹುದು. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಹತ್ತಿ ಸುಟ್ಟರೆ ಕಾಗದದ ವಾಸನೆ, ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯೊಳಗೆ ಬೆಂಕಿಕಡ್ಡಿ ಗೀರಬೇಡಿ ಮತ್ತೆ.

ಇಲ್ಲೊಂದು ಜಗಳದ ಮಾತು ಹೇಳಿಬಿಡುತ್ತೇನೆ. ಬಟ್ಟೆ ಬಗ್ಗೆ ಬುದ್ಧಿ ಹೇಳುವವರೆಲ್ಲಾ "ಹತ್ತಿ ಬಟ್ಟೆಯೇ ಒಳ್ಳೇದು" ಅನ್ನುತ್ತಾರೆ. ಅವರು ಜುಲೈ ತಿಂಗಳಲ್ಲಿ ಒಂದು ವಾರ ನಮ್ಮ ಮನೆಗೆ ಬರಲಿ. ದಪ್ಪ ಹತ್ತಿ ಪ್ಯಾಂಟ್ ಒಗೆದರೆ ಮೂರು ದಿನ ಒಣಗುವುದಿಲ್ಲ. ನಾಲ್ಕನೇ ದಿನ ಒಣಗಿದೆ ಅನ್ನಿಸಿದರೂ ಮುಗ್ಗಲು ವಾಸನೆ ಹೋಗಿರುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ, ಇಸ್ತ್ರಿ ಹಾಕಿ ಒಣಗಿಸೋಣ ಅಂದರೆ ಕರೆಂಟ್ ಇರಲ್ಲ, ಬೀರುವಿನಲ್ಲಿಟ್ಟರೆ ಬೂಷ್ಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕದ ಕೆಲಸದ ಬಟ್ಟೆಗೆ ನಾನು ಪಟ್ಟಿಯಲ್ಲಿ ಪಾಲಿಯೆಸ್ಟರ್ ಜಾಸ್ತಿ ಇರುವುದನ್ನೇ ಹುಡುಕುತ್ತೇನೆ, ರಾತ್ರಿ ಒಗೆದರೆ ಬೆಳಿಗ್ಗೆಗೆ ಹೆಚ್ಚು ಕಡಿಮೆ ಒಣಗಿರುತ್ತದೆ. ಹತ್ತಿ ಫೆಬ್ರವರಿಯಿಂದ ಮೇ ತನಕ. ಜೀನ್ಸ್ ಮಳೆಗಾಲದಲ್ಲಿ ಮುಟ್ಟುವುದಿಲ್ಲ.

ಎರಡನೇ ಜರ್ಕಿನ್ ಕೊಳ್ಳಲು ಹೋದಾಗ ಮೂರು ಕಡೆ ತಿರುಗಿದೆ. "ವಾಟರ್ ರಿಪೆಲೆಂಟ್" ಅಂದರೆ ಮೇಲಿನ ಲೇಪ ನೀರನ್ನು ಜಾರಿಸುತ್ತದೆ, ಒಗೆದ ಹಾಗೆ ಲೇಪ ಕಡಿಮೆಯಾಗುತ್ತದೆ. ತುಂತುರಿಗೆ ಸಾಕು, ನಮ್ಮ ಮಳೆಗೆ ಸಾಲದು. ನನಗೆ ಬೇಕಾಗಿದ್ದದ್ದು "ವಾಟರ್‌ಪ್ರೂಫ್" ಜೊತೆಗೆ "ಸೀಮ್ ಸೀಲ್ಡ್". ಸೀಮ್ ಅಂದರೆ ಹೊಲಿಗೆ. ಸೂಜಿ ಹೋದ ಪ್ರತಿ ತೂತೂ ನೀರಿಗೆ ದಾರಿ, ಅದಕ್ಕೇ ಒಳಗಡೆ ಹೊಲಿಗೆಯ ಉದ್ದಕ್ಕೂ ಟೇಪ್ ಅಂಟಿಸಿರುತ್ತಾರೆ. ಒಳಭಾಗ ತಿರುಗಿಸಿ ಭುಜದಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತದೆ. 2,400 ಆಯಿತು. ಐದು ಮಳೆಗಾಲ ಕಳೆದಿದೆ, ಜಿಪ್ ಒಂದು ಸಲ ಬದಲಾಯಿಸಿದ್ದೇನೆ. (ಅತ್ತೆ ಈಗಲೂ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡೇ ತೋಟಕ್ಕೆ ಹೋಗುತ್ತಾರೆ. ಅವರು ಒಂದು ದಿನವೂ ಒದ್ದೆಯಾಗಿದ್ದು ನಾನು ನೋಡಿಲ್ಲ.)

ಅಂದ ಹಾಗೆ ಜರ್ಕಿನ್ ಅಂದರೆ ಇಂಗ್ಲೆಂಡಿನವರಿಗೆ ತೋಳಿಲ್ಲದ ಅಂಗಿ. ನಾವು ಹೇಳುವುದು ಅವರಿಗೆ ಜಾಕೆಟ್. ನಮಗೆ ಜಾಕೆಟ್ ಅಂದರೆ ಸೀರೆಯ ರವಿಕೆ! ಹೀಗೆ ಎಡವಿದ್ದು ಒಂದೆರಡಲ್ಲ. ಮಳೆಯಲ್ಲಿ ನೆನೆದು ಬಂದ ಲಂಡನ್ನಿನ ಗೆಸ್ಟ್ ಒಬ್ಬರಿಗೆ ಎಲ್ಲರೆದುರು "ಯುವರ್ ಪ್ಯಾಂಟ್ಸ್ ಆರ್ ವೆಟ್ ಸರ್" ಅಂದುಬಿಟ್ಟೆ. ಅಲ್ಲಿ ಪ್ಯಾಂಟ್ಸ್ ಅಂದರೆ ಒಳಚಡ್ಡಿ. ಆ ಮನುಷ್ಯ ಕೆಂಪಾದರು, ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆವತ್ತಿನಿಂದ "ಟ್ರೌಸರ್ಸ್". ಅದು ಯಾವಾಗಲೂ ಬಹುವಚನ, ಒಂದೇ ಇದ್ದರೂ. ಹಾಗಾಗಿ ಬೆಲೆ ಕೇಳುವಾಗ "ಹೌ ಮಚ್ ಆರ್ ದೀಸ್", ಶರ್ಟ್ ಆದರೆ "ಹೌ ಮಚ್ ಇಸ್ ದಿಸ್". "ಹೌ ಮಚ್ ಕಾಸ್ಟ್" ಅಂದರೂ ಬೆಲೆ ಹೇಳುತ್ತಾರೆ ಬಿಡಿ.

ಪದಗಳ ಸಾಲ ಒಂದೇ ಕಡೆಯಿಂದ ಆದದ್ದೂ ಅಲ್ಲ. ಪೈಜಾಮ, ಖಾಕಿ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದವು. "ಕ್ಯಾಲಿಕೊ" ಅನ್ನುವ ಹತ್ತಿ ಬಟ್ಟೆಯ ಹೆಸರು ಬಂದದ್ದು ಕಲ್ಲಿಕೋಟೆಯಿಂದ, ವಿರಾಜಪೇಟೆಯಿಂದ ಘಾಟಿ ಇಳಿದು ಕೇರಳಕ್ಕೆ ಹೋದರೆ ಸಿಗುವ ಊರು. ಇದು ಗೊತ್ತಾದ ಮೇಲೆ ಇಂಗ್ಲಿಷ್ ಮೇಲಿನ ಹೆದರಿಕೆ ಅರ್ಧ ಇಳಿಯಿತು.

ನಾವು ಎಲ್ಲದಕ್ಕೂ "ಸೂಟ್ ಆಗುತ್ತೆ" ಅಂತೀವಲ್ವಾ, ಅದನ್ನು ಸರಿಮಾಡಿಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು. ಅಳತೆ ಸರಿಯಾದರೆ "ಇಟ್ ಫಿಟ್ಸ್". ಮೈಬಣ್ಣಕ್ಕೆ, ಮುಖಕ್ಕೆ ಒಪ್ಪಿದರೆ "ಇಟ್ ಸೂಟ್ಸ್ ಯು". ಟಾಪ್‌ಗೂ ಲೆಗ್ಗಿನ್ಸ್‌ಗೂ ಜೋಡಿಯಾದರೆ "ದೇ ಮ್ಯಾಚ್". ಅಂಗಡಿ ಕನ್ನಡಿ ಮುಂದೆ ನಿಂತು ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳುವುದು ನನಗೆ ದುಡ್ಡು ಉಳಿಸಿದೆ. ಮುಂಚೆ ಒಂದಕ್ಕೆ ಹೌದು ಅಂದರೆ ಸಾಕು, ಬಿಲ್ ಮಾಡಿಸಿಬಿಡುತ್ತಿದ್ದೆ. ಫಿಟ್ ನೋಡುವಾಗ ಎರಡೂ ಕೈ ಮೇಲೆತ್ತಿ ಕಾಫಿ ಕೊಯ್ಯುವ ಹಾಗೆ ಮಾಡುತ್ತೇನೆ, ಆಮೇಲೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಕಂಕುಳು ಹಿಡಿದರೆ "ಟೂ ಟೈಟ್". "ಟೂ" ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಅನ್ನುವ ದೂರು. "ವೆರಿ" ಥರ ಹೊಗಳಿಕೆಗೆ ಬಳಸುವುದಲ್ಲ. ಬಣ್ಣವನ್ನು ಅಂಗಡಿ ಲೈಟಿನಲ್ಲಿ ನಂಬದೆ ಬಾಗಿಲ ತನಕ ತಂದು ನೋಡುತ್ತೇನೆ. ಬಣ್ಣ ಬಿಡುತ್ತದಾ ಅಂತ ಒದ್ದೆ ಕರ್ಚೀಫಿನಿಂದ ಅಂಚು ಉಜ್ಜುತ್ತೇನೆ.

ಮಾರುವವರು ಹಿಂದೆ ಹಿಂದೆ ಬಂದರೆ "ಐ ಆಮ್ ಜಸ್ಟ್ ಲುಕಿಂಗ್". ಮೈಸೂರು ಮಾಲ್‌ಗಳಲ್ಲಿ ಇದಕ್ಕಿಂತ ಉಪಯೋಗದ ವಾಕ್ಯ ಇನ್ನೊಂದಿಲ್ಲ. ಅಲ್ಲಿನ ಬೋರ್ಡುಗಳಲ್ಲಿ ದೊಡ್ಡ ಅಕ್ಷರದ "50% ಆಫ್" ಪಕ್ಕ ಸೊಳ್ಳೆ ಗಾತ್ರದ "ಅಪ್ ಟು" ಇರುತ್ತದೆ, ಅಂದರೆ ಯಾವುದೋ ನಾಲ್ಕು ಬಟ್ಟೆಗೆ ಅಷ್ಟು, ಉಳಿದದ್ದಕ್ಕೆ ಹತ್ತು ಪರ್ಸೆಂಟ್ ಇದ್ದರೂ ಇರಬಹುದು. "ಫ್ಲಾಟ್" ಅಂತಿದ್ದರೆ ಎಲ್ಲದಕ್ಕೂ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಅದರ ಮೇಲೆ ಜಿಎಸ್‌ಟಿ ಅಂತ ಕೇಳಿದರೆ ಕೊಡಬೇಡಿ.

ಈಗ ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ ನನ್ನ ಜೊತೆ ಬರುತ್ತಾಳೆ. ಕ್ಲಾಸ್ ಅಂತ ಏನಿಲ್ಲ, ಶುಕ್ರವಾರ ಮಡಿಕೇರಿ ಸಂತೆಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಹೋದ ತಿಂಗಳು ಸ್ವೆಟರ್ ಹರಡಿಕೊಂಡು ಕೂತಿದ್ದವರ ಹತ್ತಿರ ನಿಂತೆವು. "ಪ್ಯೂರ್ ಉಲನ್ ಅಕ್ಕಾ, 600" ಅಂದರು. ಹುಡುಗಿ ಕಾಲರ್ ತಿರುಗಿಸಿದಳು, ಮೆಲ್ಲಗೆ ಅಕ್ಷರ ಕೂಡಿಸಿ ಓದಿದಳು. "ಹಂಡ್ರೆಡ್ ಪರ್ಸೆಂಟ್ ಅಕ್ರಿಲಿಕ್. ಅಣ್ಣಾ, ಇದರಲ್ಲಿ ಉಲನ್ನೇ ಇಲ್ವಲ್ಲ."

ಅವರಿಗೆ ಸಿಟ್ಟು ಬರಬಹುದು ಅಂದುಕೊಂಡೆ. ಬರಲಿಲ್ಲ. "ನಂಗೆಲ್ಲಿ ಓದೋಕೆ ಬರುತ್ತೆ ಮಗಾ, ಕೊಟ್ಟವರು ಹೇಳಿದ್ದನ್ನೇ ನಾನೂ ಹೇಳ್ತೀನಿ" ಅಂದರು. ಆಮೇಲೆ ಹಿಂದಿನ ಮೂಟೆಯಿಂದ ಇನ್ನೊಂದು ಕಟ್ಟು ಎಳೆದು ಅವಳ ಮುಂದಿಟ್ಟರು. "ಇದರಲ್ಲಿ ಏನು ಬರ್ದಿದೆ, ನೋಡು."

ಅವಳು ಕೂತು ಒಂದೊಂದೇ ಓದಿದಳು. ಎರಡರಲ್ಲಿ "ವುಲ್ ಬ್ಲೆಂಡ್" ಅಂತ, ಅಂದರೆ ಉಣ್ಣೆ ಬೆರಕೆ ಅಂತ ಇತ್ತು, ಅವರು ಅದನ್ನು ಬೇರೆ ಇಟ್ಟರು. ನಾವು ತೆಗೆದುಕೊಂಡದ್ದು ಅಕ್ರಿಲಿಕ್ಕೇ, ಬೇಗ ಒಣಗುತ್ತದಲ್ಲ. 350ಕ್ಕೆ ಕೊಟ್ಟರು.