ಕರೆಂಟು ಹೋದರೆ ಎಷ್ಟು ಸೆಕೆಂಡಿನ ಲೆಕ್ಕ ಹೋಗಬಹುದು? ಲಿನಕ್ಸ್ ಕರ್ನಲ್‌ನ ಬರೆಯುವ ವಿಳಂಬವನ್ನು ಒಂದೇ ಅಂಕಿಯಿಂದ ಹೊಂದಿಸುವ ಬಗೆ

ಮಂಡ್ಯದ ಸುತ್ತ ಕಬ್ಬು ಅರೆಯುವ ಕಾಲದಲ್ಲಿ ವೇಬ್ರಿಡ್ಜ್ ಕಂಪ್ಯೂಟರ್‌ಗೆ ಬಿಡುವಿರುವುದಿಲ್ಲ. ಗಾಡಿ ಏರುತ್ತದೆ, ತೂಕದ ಅಂಕಿ ಸೀರಿಯಲ್ ಕೇಬಲ್‌ನಲ್ಲಿ ಬರುತ್ತದೆ, ಸ್ಕ್ರಿಪ್ಟ್ ಅದನ್ನು ಫೈಲಿಗೆ ಒಂದು ಸಾಲಾಗಿ ಸೇರಿಸುತ್ತದೆ. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ, ಕೊನೆಯ ಗಾಡಿಯ ತೂಕ ಫೈಲಿನಲ್ಲಿ ಸಿಗುವುದಿಲ್ಲ. ಡಿಸ್ಕ್ ಕೆಟ್ಟಿರುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್, ಸ್ಕ್ರಿಪ್ಟ್ ಬರೆದದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಡಿಸ್ಕಿಗೆ ಇಳಿಸುತ್ತದೆ.

ಆ ಹೊತ್ತನ್ನು ಎರಡು ಸೆಟ್ಟಿಂಗ್‌ಗಳು ನಿರ್ಧರಿಸುತ್ತವೆ. ಬರೆದ ಪುಟ (ಮೆಮೊರಿಯ ಸಣ್ಣ ತುಂಡು) ಎಷ್ಟು ಹಳತಾದ ಮೇಲೆ ಇಳಿಯಬೇಕೆಂಬುದು 'ವಿಎಂ.ಡರ್ಟಿ_ಎಕ್ಸ್‌ಪೈರ್_ಸೆಂಟಿಸೆಕ್ಸ್', ಮೂಲದಲ್ಲಿ 3000, ಅಂದರೆ 30 ಸೆಕೆಂಡು. ಇಳಿಸುವ ಥ್ರೆಡ್ (ಕರ್ನಲ್‌ನ ಹಿನ್ನೆಲೆ ಕೆಲಸಗಾರ) ಎಷ್ಟು ಹೊತ್ತಿಗೊಮ್ಮೆ ಎದ್ದು ನೋಡಬೇಕೆಂಬುದು 'ವಿಎಂ.ಡರ್ಟಿ_ರೈಟ್‌ಬ್ಯಾಕ್_ಸೆಂಟಿಸೆಕ್ಸ್', ಮೂಲದಲ್ಲಿ 500, ಅಂದರೆ 5 ಸೆಕೆಂಡು. ಪುಟ ಹಳತಾಗುವ ಸ್ವಲ್ಪ ಮೊದಲು ಥ್ರೆಡ್ ನೋಡಿ ಹೋಗಿದ್ದರೆ ಮುಂದಿನ ಸರದಿಗೆ ಕಾಯಬೇಕು. ಹಾಗಾಗಿ ಎರಡನ್ನೂ ಕೂಡಿ, ಸುಮಾರು 35 ಸೆಕೆಂಡಿನ ಕೆಲಸ ಕಳೆದುಹೋಗಬಹುದು.

ಎರಡನ್ನೂ ಬೇರೆಬೇರೆಯಾಗಿ ತಿರುಚುವ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಸೆಕೆಂಡಿನ ಕೆಲಸ ಹೋದರೆ ತಡೆದುಕೊಳ್ಳಬಹುದು? 15 ಎಂದಿಟ್ಟುಕೊಳ್ಳಿ. ಅದರ ಮೂರನೇ ಎರಡು ಪಾಲು ಎಕ್ಸ್‌ಪೈರ್‌ಗೆ (1000), ಉಳಿದ ಪಾಲು ರೈಟ್‌ಬ್ಯಾಕ್‌ಗೆ (500). ಅಂಕಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿದೆ ಎಂಬುದನ್ನು ಮರೆಯಬೇಡಿ. 10 ಎಂದು ಬರೆದರೆ ಹತ್ತು ಸೆಕೆಂಡಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗ. ರೈಟ್‌ಬ್ಯಾಕ್‌ಗೆ 0 ಕೊಟ್ಟರೆ ತಕ್ಷಣ ಬರೆಯುತ್ತದೆಂದು ಅನೇಕರು ತಿಳಿಯುತ್ತಾರೆ. ಆಗುವುದು ತದ್ವಿರುದ್ಧ: ನಿಯತವಾಗಿ ಇಳಿಸುವ ಕೆಲಸವೇ ನಿಂತುಹೋಗುತ್ತದೆ. ಒಟ್ಟು 5 ಸೆಕೆಂಡಿಗಿಂತ ಕೆಳಗಿಳಿಸಬೇಡಿ. ಅದೇ ಪುಟವನ್ನು ಮತ್ತೆ ಮತ್ತೆ ಬರೆದು ಎಸ್‌ಡಿ ಕಾರ್ಡ್ ಬೇಗ ಸವೆಯುತ್ತದೆ.

'/ಎಟ್ಸಿ/ಸಿಸ್‌ಸಿಟಿಎಲ್.ಡಿ' ಫೋಲ್ಡರಿನಲ್ಲಿ 99ರಿಂದ ಶುರುವಾಗುವ, '.ಕಾನ್ಫ್' ಎಂದು ಮುಗಿಯುವ ಫೈಲ್ ಮಾಡಿ. ಮೇಲಿನ ಎರಡು ಹೆಸರುಗಳನ್ನು ಸಮ ಚಿಹ್ನೆ ಹಾಕಿ ಎರಡು ಸಾಲಾಗಿ ಬರೆಯಿರಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ). ಜೊತೆಗೆ, ಡಿಸ್ಕಿಗೆ ಇಳಿಯದೆ ಮೆಮೊರಿಯಲ್ಲಿ ಎಷ್ಟು ಸೇರಬಹುದೆಂಬ ಮಿತಿಗೆ ಇನ್ನೆರಡು ಸಾಲು: 'ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್'ಗೆ 67108864, 'ವಿಎಂ.ಡರ್ಟಿ_ಬೈಟ್ಸ್'ಗೆ 268435456, ಅಂದರೆ 64 ಮತ್ತು 256 ಎಂಬಿ. ಮೂಲದ ಮಿತಿ ಲಭ್ಯ ಮೆಮೊರಿಯ ಶೇಕಡಾ 10 ಮತ್ತು 20. 8 ಜಿಬಿ ಮೆಮೊರಿ ಇರುವ ಯಂತ್ರದಲ್ಲಿ ಅದು ಒಂದು ಜಿಬಿ ದಾಟಬಹುದು. ಸೆಕೆಂಡಿಗೆ 10 ಎಂಬಿ ಬರೆಯುವ ಪೆನ್‌ಡ್ರೈವ್‌ಗೆ ಅಷ್ಟನ್ನು ಇಳಿಸಲು ನೂರು ಸೆಕೆಂಡಾದರೂ ಬೇಕು. ಆಗ 15 ಸೆಕೆಂಡಿನ ಲೆಕ್ಕಕ್ಕೆ ಅರ್ಥವಿಲ್ಲ. ಬೈಟ್ಸ್ ಕೊಟ್ಟೊಡನೆ ಶೇಕಡಾವಾರು ಸೆಟ್ಟಿಂಗ್ ತಾನಾಗಿ 0 ಆಗುತ್ತದೆ, ಗಾಬರಿ ಬೇಡ.

'ಸುಡೊ ಸಿಸ್‌ಸಿಟಿಎಲ್ --ಸಿಸ್ಟಮ್' ಓಡಿಸಿದರೆ ಜಾರಿಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಅಂಕಿ ಬದಲಾಗಿದ್ದರೆ ಲ್ಯಾಪ್‌ಟಾಪ್‌ನ ಟಿಎಲ್‌ಪಿಯಂಥ ಬ್ಯಾಟರಿ ಉಳಿಸುವ ತಂತ್ರಾಂಶವನ್ನು ಮೊದಲು ನೋಡಿ. ಅದು ಇದೇ ಎರಡು ಸೆಟ್ಟಿಂಗ್‌ಗಳನ್ನು ಮುಟ್ಟುತ್ತದೆ.

ಪರೀಕ್ಷಿಸಲು ಹೋಮ್ ಫೋಲ್ಡರಿನಲ್ಲಿ 'ಡಿಡಿ' ಆಜ್ಞೆ ಬಳಸಿ 50 ಎಂಬಿ ಫೈಲ್ ಬರೆದು, '/ಪ್ರಾಕ್/ಮೆಮ್‌ಇನ್‌ಫೋ'ದಲ್ಲಿ 'ಡರ್ಟಿ' (ಇನ್ನೂ ಡಿಸ್ಕಿಗೆ ಇಳಿಯದ ಪ್ರಮಾಣ) ಸಾಲನ್ನು ಸೆಕೆಂಡಿಗೊಮ್ಮೆ ಗಮನಿಸಿ. ಅಂಕಿ ಏರಿ, 10ರಿಂದ 15 ಸೆಕೆಂಡಿನೊಳಗೆ ಇಳಿಯಲು ಶುರುವಾಗಬೇಕು. 64 ಎಂಬಿಗಿಂತ ದೊಡ್ಡ ಫೈಲ್ ಬೇಡ, ಅದು ಕಾಯದೇ ಇಳಿಯತೊಡಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಸಾಲುಗಳು ಕಾಣೆಯಾದರೆ ತಪ್ಪು ಸ್ಕ್ರಿಪ್ಟಿನಲ್ಲಿರಬಹುದು. ಪ್ರೋಗ್ರಾಮ್ ತನ್ನದೇ ಬಫರಿನಲ್ಲಿ 4 ಅಥವಾ 8 ಕೆಬಿ ತುಂಬುವವರೆಗೆ ಕರ್ನಲ್‌ಗೆ ಏನನ್ನೂ ಕೊಡದಿರಬಹುದು. ಸಾಲಿಗೆ 40 ಬೈಟಾದರೆ 4 ಕೆಬಿಯಲ್ಲೇ ನೂರು ಗಾಡಿಯ ತೂಕ! ಕರ್ನಲ್ ಕೈಗೇ ಬಾರದ್ದನ್ನು ಯಾವ ಸೆಟ್ಟಿಂಗೂ ಉಳಿಸದು. ಪ್ರತಿ ಸಾಲಿನ ನಂತರ 'ಫ್ಲಶ್' (ಬಫರಿನದನ್ನು ಕರ್ನಲ್‌ಗೆ ಕೊಡಲು), ಅದರ ಬೆನ್ನಿಗೇ 'ಎಫ್‌ಸಿಂಕ್' (ಕರ್ನಲ್ ಅದನ್ನು ತಕ್ಷಣ ಡಿಸ್ಕಿಗೆ ಇಳಿಸಲು) ಕರೆಯಿರಿ. ಎರಡು ಗಾಡಿಗಳ ನಡುವೆ ನಿಮಿಷಗಟ್ಟಲೆ ಸಮಯವಿರುವ ವೇಬ್ರಿಡ್ಜ್‌ನಲ್ಲಿ ಇದರ ಹೊರೆ ಗೊತ್ತೇ ಆಗುವುದಿಲ್ಲ. ಸ್ಕ್ರಿಪ್ಟ್ ತಿದ್ದಲು ಸಾಧ್ಯವಿದ್ದರೆ ಮೊದಲು ಇದನ್ನು ಮಾಡಿ, ಕರ್ನಲ್ ಸೆಟ್ಟಿಂಗ್ ಆಮೇಲೆ.